ಪೊದೆಗಾಡಿನ ಕಿರುಹಕ್ಕಿಗಳಿಗೆ ಹೆಸರಿತ್ತ ವೈದ್ಯ: ಟಿ. ಸಿ. ಜೆರ್ಡನ್

ಹಕ್ಕಿಗಳ ಲೋಕದಲ್ಲಿಯೂ ಕೀರ್ತಿಯೆಂಬುದು ಸಮನಾಗಿ ಹಂಚಿಕೆಯಾಗಿಲ್ಲ. ನವಿಲು, ಗಿಳಿ, ಕೋಗಿಲೆ, ಹಂಸಗಳಿಗೆ ಕವಿಗಳ ಕಾವ್ಯದಲ್ಲಿಯೂ ಶಿಲ್ಪಿಗಳ ಕೆತ್ತನೆಯಲ್ಲಿಯೂ ಎಂದಿನಿಂದಲೋ ಸ್ಥಾನ ದೊರೆತಿದೆ. ಗಿಡುಗವು ಅರಸರ ಮುಂಗೈಯನ್ನೇ ಏರಿ ಕುಳಿತಿದೆ. ಆದರೆ ಸಹ್ಯಾದ್ರಿಯ ನಿತ್ಯಹರಿದ್ವರ್ಣದ ಕಾಡಿನಲ್ಲಿ, ನಡುಹಗಲಿನಲ್ಲಿಯೂ ಮುಸ್ಸಂಜೆಯ ಮಬ್ಬು ಕವಿದಿರುವ ನೆಲದ ಮಟ್ಟದಲ್ಲಿ, ಕುರಿಂಜಿಯ ಪೊದೆ, ಬಿದಿರುಮೆಳೆ ಮತ್ತು ಜರಿಗಿಡಗಳ ನಡುವೆ, ಗೇಣುದ್ದವೂ ಇಲ್ಲದ ಹಕ್ಕಿಗಳ ಒಂದು ದೊಡ್ಡ ಸಂಸಾರವೇ ಬಾಳುತ್ತಿದೆ. ತರಗೆಲೆಗಳನ್ನು ಮಗುಚಿ ಹಾಕಿ ಕಂಬಳಿಹುಳು, ಜೇಡ, ಗೆದ್ದಲು, ದುಂಬಿಗಳನ್ನು ಹೆಕ್ಕಿ ತಿನ್ನುವುದೇ ಅವುಗಳ ದಿನಚರಿ. ದಾರಿಹೋಕನ ಕಿವಿಗೆ ಅವುಗಳ ಸಣ್ಣ ದನಿ ಬೀಳುತ್ತದೆಯೇ ಹೊರತು ಕಣ್ಣಿಗೆ ರೂಪ ಬೀಳುವುದು ಅಪರೂಪ. ಒಂದು ಎಲೆ ಅಲುಗಿದಂತಾಗಿ, ಅಷ್ಟರಲ್ಲಿಯೇ ಎಲ್ಲವೂ ಸ್ತಬ್ಧವಾಗುತ್ತದೆ.

ಇಂತಹ ಹಕ್ಕಿಗಳಲ್ಲಿ ಹಲವಕ್ಕೆ ಇರುವ ಲ್ಯಾಟಿನ್ ಹೆಸರಿನ ಕೊನೆಯಲ್ಲಿ, ಕಂಸದೊಳಗೆ, ಜೆರ್ಡನ್ ಎಂಬ ಒಂದೇ ಹೆಸರು ಮತ್ತೆ ಮತ್ತೆ ಕಾಣಬರುತ್ತದೆ. ಪ್ರಾಣಿಶಾಸ್ತ್ರದ ಸಂಪ್ರದಾಯದಂತೆ ಒಂದು ಜೀವಿಯನ್ನು ಮೊತ್ತಮೊದಲು ವಿವರಿಸಿ ಹೆಸರಿಟ್ಟವರ ಹೆಸರನ್ನು ಅದರೊಡನೆ ಬರೆಯುತ್ತಾರೆ. ಮುಂದೆ ಆ ಜೀವಿಯನ್ನು ಬೇರೊಂದು ಕುಲಕ್ಕೆ ಸೇರಿಸಿದರೆ ಆ ಹೆಸರು ಕಂಸದೊಳಗೆ ಹೋಗುತ್ತದೆ. ಕಪ್ಪುತಲೆಯ ಹರಟೆಮಲ್ಲ, ಕಪ್ಪು-ಕಿತ್ತಳೆ ನೊಣಹಿಡುಕ, ಬಿಳಿಹೊಟ್ಟೆಯ ನೀಲಿ ನೊಣಹಿಡುಕ, ನೀಲಗಿರಿಯ ನಗೆಮಲ್ಲ, ನೀಲಗಿರಿಯ ಶೋಲಾಕಿಳಿ ಇವೆಲ್ಲವೂ ಅಂತಹವು. ಇಷ್ಟು ನಾಚಿಕೆಯ ಹಕ್ಕಿಗಳನ್ನು ಹುಡುಕಿ ಹೆಸರಿಸಿದವರು ಪ್ರಾಣಿಶಾಸ್ತ್ರವನ್ನೇ ವೃತ್ತಿಯಾಗಿಸಿಕೊಂಡ ಪಂಡಿತರಾಗಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಜ್ವರ, ಆಮಶಂಕೆಗಳಿಗೆ ಮದ್ದು ಕೊಡುತ್ತಿದ್ದ ಒಬ್ಬ ವೈದ್ಯರಾಗಿದ್ದರು.

ಥಾಮಸ್ ಕ್ಯಾವರ್‌ಹಿಲ್ ಜೆರ್ಡನ್ ಅವರು ಜನಿಸಿದ್ದು 1811ರ ಅಕ್ಟೋಬರ್ 12ರಂದು, ಇಂಗ್ಲೆಂಡಿನ ಡರ್ಹಮ್ ಸೀಮೆಯಲ್ಲಿ. ಮನೆತನ ಸ್ಕಾಟ್ಲೆಂಡಿನ ಗಡಿನಾಡಿನದು. ವಿದ್ಯಾಭ್ಯಾಸ ನಡೆದದ್ದು ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ. ಆ ಕಾಲದಲ್ಲಿ ಅಲ್ಲಿ ನಿಸರ್ಗಶಾಸ್ತ್ರವನ್ನು ಬೋಧಿಸುತ್ತಿದ್ದವರು ರಾಬರ್ಟ್ ಜೇಮ್ಸನ್. ಕೆಲವೇ ವರ್ಷಗಳ ಹಿಂದೆ ಅದೇ ಜೇಮ್ಸನ್‌ರ ಪಾಠಗಳನ್ನು ಕೇಳಿ ಬೇಸತ್ತು ಹೊರನಡೆದಿದ್ದ ವಿದ್ಯಾರ್ಥಿ ಚಾರ್ಲ್ಸ್ ಡಾರ್ವಿನ್. ಜೆರ್ಡನ್‌ರಿಗೆ ಅಂತಹ ಬೇಸರ ತಗುಲಿದಂತೆ ತೋರುವುದಿಲ್ಲ. ವೈದ್ಯಶಿಕ್ಷಣವನ್ನು ಮುಗಿಸಿ, 1835ರಲ್ಲಿ ಕಂಪನಿಯ ಸಹಾಯಕ ಶಸ್ತ್ರವೈದ್ಯರಾಗಿ ನೇಮಕಗೊಂಡು, 1836ರಲ್ಲಿ ಅವರು ಮದರಾಸಿಗೆ ಬಂದಿಳಿದರು. ಆಗ ಅವರಿಗೆ ಇಪ್ಪತ್ತನಾಲ್ಕು ವಯಸ್ಸು.

ಮೊದಲ ನೇಮಕ ಗಂಜಾಂ ಸೀಮೆಗೆ. ಅಲ್ಲಿಯ ಪಡೆಗಳಲ್ಲಿ ಜ್ವರವೂ ಭೇದಿಯೂ ಹಬ್ಬಿದ್ದವು. ವೈದ್ಯರಿಗೆ ಬಿಡುವು ಕಡಿಮೆಯಾಗಿದ್ದರೂ ಪೂರ್ವಘಟ್ಟಗಳ ಹಕ್ಕಿಗಳನ್ನು ಸಂಗ್ರಹಿಸುವ ಕಾರ್ಯ ಅಲ್ಲಿಯೇ ಮೊದಲಾಯಿತು. 1837ರಲ್ಲಿ ಅವರನ್ನು ಅಶ್ವದಳದ ವೈದ್ಯರನ್ನಾಗಿ ತಿರುಚಿನಾಪಳ್ಳಿಗೆ ವರ್ಗಾಯಿಸಲಾಯಿತು. ಆ ದಳದೊಡನೆ ದಕ್ಖನಿನ ಜಾಲ್ನಾಕ್ಕೆ ಹೋಗಿ ನಾಲ್ಕು ವರ್ಷಗಳ ಕಾಲ ನೆಲೆಸಿದರು. ಸೈನ್ಯದ ವೈದ್ಯನಾದವನಿಗೆ ಊರು ಬದಲಾಯಿಸುವುದು ದಂಡನೆಯಂತೆ ಕಾಣುವುದುಂಟು. ಹಕ್ಕಿಗಳನ್ನು ಅರಸುವವರಿಗೆ ಮಾತ್ರ ಒಂದೊಂದು ವರ್ಗಾವಣೆಯೂ ಹೊಸದೊಂದು ಕಾಡಿನ ಬಾಗಿಲನ್ನು ತೆರೆದುಕೊಡುತ್ತಿತ್ತು.

ಆ ದಿನಗಳ ಸಂಗ್ರಹದ ಬಗೆಯನ್ನು ಇಂದಿನ ವಿದ್ಯಾರ್ಥಿಗಳು ತಿಳಿದಿರುವುದು ಅಗತ್ಯ. ದುರ್ಬೀನು ಹಿಡಿದು ನೋಡಿ ಗುರುತುಹಾಕಿಕೊಳ್ಳುವ ಕಾಲ ಅದಾಗಿರಲಿಲ್ಲ. ಹಕ್ಕಿಯನ್ನು ಸಣ್ಣ ಚರೆಯ ಕೋವಿಯಿಂದ ಹೊಡೆದು, ಗರಿ ಕೆಡದಂತೆ ಚರ್ಮವನ್ನು ಸುಲಿದು, ಒಳಮೈಗೆ ಪಾಷಾಣದ ಸಾಬೂನನ್ನು ಸವರಿ, ಹತ್ತಿಯನ್ನು ತುಂಬಿ, ನೆರಳಿನಲ್ಲಿ ಒಣಗಿಸಬೇಕು. ಗುಬ್ಬಚ್ಚಿಗಿಂತ ಕಿರಿದಾದ ಹಕ್ಕಿಯ ಚರ್ಮವು ಒದ್ದೆ ಕಾಗದದಂತೆ ಹರಿಯುತ್ತದೆ. ಹೀಗೆ ಸಿದ್ಧಪಡಿಸಿದ ಮೇಲೂ ಮಳೆಗಾಲದ ಬೂಷ್ಟು, ಇರುವೆ, ನುಸಿಗಳಿಂದ ಅದನ್ನು ಕಾಪಾಡಿಕೊಳ್ಳಬೇಕು. ಜೀವಹಿಂಸೆಯ ಈ ಮಾರ್ಗವು ಇಂದಿನ ಮನಸ್ಸಿಗೆ ಒಗ್ಗುವಂಥದಲ್ಲ, ಒಗ್ಗಬೇಕಾಗಿಯೂ ಇಲ್ಲ. ಆದರೆ ಅಂದಿನ ಶಾಸ್ತ್ರಕ್ಕೆ ಬೇರೆ ಸಾಕ್ಷ್ಯವಿರಲಿಲ್ಲ.

ಸಾಕ್ಷ್ಯವು ಕೈಯಲ್ಲಿದ್ದರೂ ನಿರ್ಣಯವನ್ನು ಹೇಳುವ ಅಧಿಕಾರ ಮಾತ್ರ ಕಡಲಾಚೆ ಇತ್ತು. ಹೋಲಿಸಿ ನೋಡಲು ಬೇಕಾದ ವಸ್ತುಸಂಗ್ರಹಾಲಯಗಳೂ ಗ್ರಂಥಭಂಡಾರಗಳೂ ಲಂಡನ್, ಎಡಿನ್‌ಬರೋಗಳಲ್ಲಿದ್ದವು. ಆದುದರಿಂದ ಜೆರ್ಡನ್ ಅವರು ತಮ್ಮ ಸಂಗ್ರಹದ ಜೋಡಿ ಪ್ರತಿಗಳನ್ನು ಪೆಟ್ಟಿಗೆಯಲ್ಲಿ ಕಟ್ಟಿ, ಆ ಕಾಲದ ಹೆಸರಾಂತ ಪಕ್ಷಿಶಾಸ್ತ್ರಜ್ಞರಾದ ಸರ್ ವಿಲಿಯಂ ಜಾರ್ಡಿನ್‌ರಿಗೆ ಸ್ಕಾಟ್ಲೆಂಡಿಗೆ ಕಳುಹಿಸಿಕೊಟ್ಟರು. ಪರಿಶೀಲಿಸಿ ಹೆಸರುಗಳನ್ನು ತಿಳಿಸಬೇಕೆಂಬುದು ಅವರ ಕೋರಿಕೆಯಾಗಿತ್ತು. ಹಡಗಿನ ದೀರ್ಘ ಪ್ರಯಾಣವನ್ನು ಮುಗಿಸಿ ಪೆಟ್ಟಿಗೆ ಜಾರ್ಡಿನ್‌ರ ಮನೆಯನ್ನು ತಲಪುವ ಹೊತ್ತಿಗೆ ಹಕ್ಕಿಗಳ ಚರ್ಮಗಳಿಗೆ ನುಸಿ ಹತ್ತಿಹೋಗಿತ್ತು. ಕೀಟಗಳನ್ನು ತಿಂದು ಬದುಕಿದ ಹಕ್ಕಿಗಳನ್ನು ಕೊನೆಗೆ ಕೀಟಗಳೇ ತಿಂದುಹಾಕಿದ್ದವು.

ಜೆರ್ಡನ್‌ರ ಬಾಳಿನ ತಿರುವು ಇದೇ ಎಂದು ಹೇಳಬಹುದು. ಮತ್ತೊಂದು ಪೆಟ್ಟಿಗೆಯನ್ನು ಕಳುಹಿಸಿ, ಮತ್ತೆರಡು ವರ್ಷ ಉತ್ತರಕ್ಕಾಗಿ ಕಾಯುವ ದಾರಿಯನ್ನು ಅವರು ಹಿಡಿಯಲಿಲ್ಲ. ಹಕ್ಕಿಯನ್ನು ಅದರ ಕಾಡಿನಲ್ಲಿಯೇ ಕಂಡಿದ್ದ ತಮ್ಮ ಕಣ್ಣನ್ನೂ ತಮ್ಮ ವಿವೇಚನೆಯನ್ನೂ ನಂಬಿ, ತಾವೇ ಹೆಸರಿಟ್ಟು ಪ್ರಕಟಿಸಲು ನಿಶ್ಚಯಿಸಿದರು. ತಪ್ಪಾದರೆ ನಗೆಗೀಡಾಗುವ ಸಂಭವವಿತ್ತು. ದೂರದ ಪಾಳೆಯದಲ್ಲಿ ಕುಳಿತ, ಮೂವತ್ತು ವರ್ಷವೂ ತುಂಬದ ವೈದ್ಯನ ಮಾತಿಗೆ ವಿದ್ವತ್ಸಭೆಗಳಲ್ಲಿ ಬೆಲೆಯಿರಲಿಲ್ಲ. ಹೀಗೆ 1839 ಮತ್ತು 1840ರಲ್ಲಿ ಮದರಾಸಿನ ಸಾಹಿತ್ಯ-ವಿಜ್ಞಾನ ಪತ್ರಿಕೆಯಲ್ಲಿ ಭಾರತ ಪರ್ಯಾಯದ್ವೀಪದ ಹಕ್ಕಿಗಳ ಪಟ್ಟಿಯು ಕಂತುಕಂತಾಗಿ ಹೊರಬಂದಿತು. ಅದರಲ್ಲಿ 420 ಬಗೆಯ ಹಕ್ಕಿಗಳಿದ್ದವು. ಅದಕ್ಕೆ ಮೊದಲು ಕರ್ನಲ್ ಸೈಕ್ಸ್ ಅವರು ದಕ್ಖನಿನ ಹಕ್ಕಿಗಳನ್ನು ಕುರಿತು ಸಿದ್ಧಪಡಿಸಿದ್ದ ಪಟ್ಟಿಗಿಂತ ಇದು ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು.

ಪಟ್ಟಿಯೆಂದೊಡನೆ ಒಣ ಹೆಸರುಗಳ ಸಾಲೆಂದು ಭಾವಿಸಬೇಕಾಗಿಲ್ಲ. ಆ ಪುಟಗಳಲ್ಲಿಯೇ ಕಪ್ಪುತಲೆಯ ಹರಟೆಮಲ್ಲ 1839ರಲ್ಲಿ ಮೊದಲ ಬಾರಿಗೆ ಶಾಸ್ತ್ರಲೋಕವನ್ನು ಪ್ರವೇಶಿಸಿತು. ಬೆನ್ನು ಕಂದು, ಎದೆ ಬಿಳಿ, ತಲೆ ಮಾತ್ರ ಕಪ್ಪು. ಐದೋ ಹತ್ತೋ ಹಕ್ಕಿಗಳ ಗುಂಪಾಗಿ, ಮೊಣಕಾಲೆತ್ತರದ ಗಿಡಗಳ ನಡುವೆ, ಒಂದನ್ನೊಂದು ಅಗಲದಂತೆ ಮೆಲ್ಲಗೆ ಗೊಣಗಿಕೊಳ್ಳುತ್ತ ಹುಳುಗಳನ್ನರಸುವ ಈ ಹಕ್ಕಿ ಒಣಗಿದ ಎಲೆಗಳನ್ನು ಸೇರಿಸಿ ಚೆಂಡಿನಾಕಾರದ ಗೂಡನ್ನು ಕಟ್ಟುತ್ತದೆ. ಬಿದಿರಿನಲ್ಲಿಯೋ ಪೊದೆಯಲ್ಲಿಯೋ ಸಿಕ್ಕಿಕೊಂಡ ತರಗೆಲೆಯ ಮುದ್ದೆಯೆಂದು ನೋಡಿದವರು ಮುಂದೆ ಸಾಗುತ್ತಾರೆ. ಕೊಡಗು, ಮಲೆನಾಡುಗಳ ಕಾಡಿನಲ್ಲಿ ಇದು ವಿರಳವೇನಲ್ಲ. ಆದರೂ ಹೆಸರು ಹೇಳಬಲ್ಲವರು ಎಷ್ಟು ಮಂದಿ?

ಕಪ್ಪು-ಕಿತ್ತಳೆ ನೊಣಹಿಡುಕವೂ 1839ರದೇ. ಇದು ಎತ್ತರದ ಬೆಟ್ಟಗಳ ಮಡಿಲಿನಲ್ಲಿರುವ ಶೋಲಾ ಕಾಡುಗಳ ಹಕ್ಕಿ. ಗಂಡಿನ ತಲೆ ಮತ್ತು ರೆಕ್ಕೆಗಳು ಕಪ್ಪು, ಉಳಿದ ಮೈಯೆಲ್ಲ ಉರಿಯುವ ಕೆಂಡದ ಬಣ್ಣ. ಇಷ್ಟು ಉಜ್ಜ್ವಲವಾದ ಬಣ್ಣವಿದ್ದರೂ ಅದು ನೆರಳನ್ನು ಬಿಟ್ಟು ಹೊರಬರುವುದಿಲ್ಲ. ನೆಲದಿಂದ ಒಂದೆರಡು ಅಡಿ ಎತ್ತರದ ಕೊಂಬೆಯಲ್ಲಿ ಅಲುಗದೆ ಕುಳಿತು, ಹುಳು ಕಂಡೊಡನೆ ಚಿಮ್ಮಿ ಹಿಡಿದು ಮರಳುತ್ತದೆ. ಇತರ ನೊಣಹಿಡುಕಗಳು ತೆರಪಾದ ಜಾಗದ ಗಾಳಿಯಲ್ಲಿ ಹಾರಾಡಿ ಬೇಟೆಯಾಡಿದರೆ, ಇದು ಪೊದೆಯ ತಳದಲ್ಲಿಯೇ ಸಂಸಾರ ಹೂಡಿದೆ. ನೀಲಗಿರಿಯಲ್ಲಷ್ಟೇ ಅಲ್ಲದೆ ಬಿಳಿಗಿರಿರಂಗನ ಬೆಟ್ಟಗಳ ಮೇಲಣ ಶೋಲಾಗಳಲ್ಲಿಯೂ ಇದನ್ನು ಕಾಣಬಹುದು. ಮರುವರ್ಷದ ಕಂತಿನಲ್ಲಿ ಬಿಳಿಹೊಟ್ಟೆಯ ನೀಲಿ ನೊಣಹಿಡುಕಕ್ಕೆ ಹೆಸರು ದೊರೆಯಿತು. ಅದೂ ಪಶ್ಚಿಮಘಟ್ಟದ ನಿತ್ಯಹರಿದ್ವರ್ಣದ ಒಳಗಾಡನ್ನು ಬಿಟ್ಟು ಬೇರೆಲ್ಲಿಯೂ ಇಲ್ಲದ ಹಕ್ಕಿ. ಇನ್ನು ನೀಲಗಿರಿಯ ನಗೆಮಲ್ಲಕ್ಕೆ ಜೆರ್ಡನ್ ಅವರು ಕೊಟ್ಟ ಲ್ಯಾಟಿನ್ ಹೆಸರಿನ ಅರ್ಥವೇ ಗಹಗಹಿಸಿ ನಗುವುದೆಂದು. ಸತ್ತ ಚರ್ಮವನ್ನು ಮಾತ್ರ ಕಂಡವರಿಗೆ ಹೊಳೆಯಬಹುದಾದ ಹೆಸರಲ್ಲ ಅದು.

1841ರಲ್ಲಿ ಜೆರ್ಡನ್‌ರ ವಿವಾಹವಾಯಿತು. ಪತ್ನಿ ಫ್ಲೋರಾ ಅವರು ಸಸ್ಯಗಳಲ್ಲಿ, ವಿಶೇಷವಾಗಿ ಸೀತಾಳೆ ಹೂಗಳಲ್ಲಿ, ಆಸಕ್ತಿಯುಳ್ಳವರು; ಅವುಗಳ ಚಿತ್ರಗಳನ್ನು ಬರೆಯುವವರು. ಕೆಲಕಾಲ ದಂಪತಿಗಳು ನೀಲಗಿರಿಯಲ್ಲಿ ವಾಸಿಸಿದರು. ಆಗ ಅಲ್ಲಿಯ ಶೋಲಾಗಳು ಇನ್ನೂ ಬಹುಮಟ್ಟಿಗೆ ಅಖಂಡವಾಗಿದ್ದವು. ಹಳ್ಳದ ಮಡಿಲಿನಲ್ಲಿ ದಟ್ಟವಾಗಿ ಬೆಳೆದ ಕುಳ್ಳು ಮರಗಳು, ಅವುಗಳ ಮೈತುಂಬ ಪಾಚಿ, ಸುತ್ತಲೂ ಹುಲ್ಲಿನ ಬೋಳುಬೆಟ್ಟ. ಹುಲ್ಲಿನ ಬಯಲು ಮನುಷ್ಯನಿಗೆ ಕಾಲುಗಂಟೆಯ ನಡಿಗೆ. ಪೊದೆಯ ಹಕ್ಕಿಗೆ ಅದು ದಾಟಲಾರದ ಕಡಲು. ಶೋಲಾಕಿಳಿಯೆಂಬ ಬೂದುನೀಲಿಯ ಹಕ್ಕಿಯನ್ನು ಜೆರ್ಡನ್ ಅವರು ಇಂತಹ ಕತ್ತಲೆಯ ಮೂಲೆಗಳಿಂದಲೇ ಲೋಕಕ್ಕೆ ಪರಿಚಯಿಸಿದರು.

ಮಾತಿನ ವರ್ಣನೆಯಿಂದ ಮಾತ್ರ ಹಕ್ಕಿಯನ್ನು ಗುರುತಿಸುವುದು ಕಷ್ಟವೆಂಬುದನ್ನು ಅವರು ಬಲ್ಲವರಾಗಿದ್ದರು. ಅದಕ್ಕಾಗಿ 1843ರಿಂದ 1847ರವರೆಗೆ ಮದರಾಸಿನಲ್ಲಿ, ಅದುವರೆಗೆ ಚಿತ್ರಗಳೇ ಇಲ್ಲದಿದ್ದ ದಕ್ಷಿಣದ ಹಕ್ಕಿಗಳನ್ನೇ ಹೆಚ್ಚಾಗಿ ಆರಿಸಿಕೊಂಡು, ಐವತ್ತು ವರ್ಣಚಿತ್ರಗಳ ಗ್ರಂಥವನ್ನು ಹೊರತಂದರು. ಚಿತ್ರಗಳನ್ನು ಬರೆದವರು ಭಾರತೀಯ ಕಲಾವಿದರು. ಕಲ್ಲಚ್ಚಿನಲ್ಲಿ ಮುದ್ರಿಸಿ ಪ್ರತಿಯೊಂದು ಹಾಳೆಗೂ ಕೈಯಿಂದಲೇ ಬಣ್ಣ ತುಂಬಬೇಕಾಗಿದ್ದ ಆ ಕೆಲಸವನ್ನು ಯೂರೋಪಿನ ವಿದ್ವಾಂಸರೂ ಮೆಚ್ಚಿದರು.

1844ರಲ್ಲಿ ಅವರು ನೆಲ್ಲೂರಿಗೆ ಸಿವಿಲ್ ಸರ್ಜನ್ನರಾಗಿ ಬಂದರು. ಅಲ್ಲಿಯ ಕುರುಚಲು ಕಾಡಿನ ವಿದ್ಯೆಯನ್ನು ಅವರಿಗೆ ಕಲಿಸಿದವರು ಯಾನಾದಿಗಳು. ಬೇಟೆಯಿಂದಲೂ ಗಡ್ಡೆಗೆಣಸುಗಳಿಂದಲೂ ಬದುಕುತ್ತಿದ್ದ ಆ ಜನರಿಗೆ ಯಾವ ಹಕ್ಕಿ ಯಾವ ಗಿಡದ ಬುಡದಲ್ಲಿ ಮೊಟ್ಟೆಯಿಡುತ್ತದೆ, ಯಾವುದು ಇರುಳಿನಲ್ಲಿ ಸಂಚರಿಸುತ್ತದೆ ಎಂಬುದು ಕರತಲಾಮಲಕವಾಗಿತ್ತು. ಆ ಸೀಮೆಯಿಂದ ಅವರು ಕಂಡುಹಿಡಿದ ಉದ್ದಗಾಲಿನ ಒಂದು ಹಕ್ಕಿಗೆ, ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದಲ್ಲಿದ್ದ ಎಡ್ವರ್ಡ್ ಬ್ಲೈತ್ ಅವರು 1848ರಲ್ಲಿ ಹೆಸರಿಟ್ಟರು. ಅದೇ ಜೆರ್ಡನ್ ಕೋರ್ಸರ್. 1900ರ ಅನಂತರ ಯಾರ ಕಣ್ಣಿಗೂ ಬೀಳದೆ ಅಳಿದುಹೋಯಿತೆಂದೇ ಎಣಿಸಲ್ಪಟ್ಟಿದ್ದ ಆ ಹಕ್ಕಿ, ಕಡಪ ಜಿಲ್ಲೆಯಲ್ಲಿ 1986ರಲ್ಲಿ ಮತ್ತೆ ದೊರೆತಾಗಲೂ ಅದಕ್ಕೆ ನೆರವಾದವನು ಸ್ಥಳೀಯ ಬೇಟೆಗಾರನೊಬ್ಬ. ವೈದ್ಯರ ಹೆಸರು ಹಲವು ಹಕ್ಕಿಗಳ ಮೇಲೆ ಉಳಿದಿದೆ. ದಾರಿ ತೋರಿದ ಯಾನಾದಿಗಳ ಹೆಸರುಗಳು ಯಾವ ಹಕ್ಕಿಯ ಮೇಲೂ ಇಲ್ಲ. ಇದು ಜೆರ್ಡನ್‌ರೊಬ್ಬರ ದೋಷವಲ್ಲ, ಆ ಕಾಲದ ಶಾಸ್ತ್ರದ ಒಟ್ಟು ನಡವಳಿಕೆಯೇ ಹಾಗಿತ್ತು. ಆದರೂ ಅದನ್ನು ಹೇಳದೆ ಬಿಡುವುದು ನ್ಯಾಯವಲ್ಲ.

1847ರಲ್ಲಿ ಮಲಬಾರಿನ ತಲಶ್ಶೇರಿಗೆ ವರ್ಗವಾಯಿತು. ಎದುರಿಗೆ ಅರಬ್ಬೀ ಕಡಲು, ಬೆನ್ನಿಗೆ ವಯನಾಡು, ಅದರಾಚೆ ಕೊಡಗು. ಅತಿವೃಷ್ಟಿಯ ಆ ಕಾಡಿನ ನೆಲದಲ್ಲಿ ಹಕ್ಕಿಗಳಷ್ಟೇ ಅಲ್ಲ, ಅವುಗಳ ಆಹಾರವಾದ ಕೀಟಗಳೂ ಜೆರ್ಡನ್‌ರ ಗಮನವನ್ನು ಸೆಳೆದವು. ದಕ್ಷಿಣ ಭಾರತದ ಇರುವೆಗಳನ್ನು ಕುರಿತು 1851ರಲ್ಲಿ ಅವರು ಪ್ರಕಟಿಸಿದ ಬರಹವು ಈ ನಾಡಿನ ಇರುವೆಗಳ ಶಾಸ್ತ್ರಕ್ಕೆ ತಳಹದಿಯಾಯಿತು. ಉದ್ದನೆಯ ದವಡೆ, ದೊಡ್ಡ ಕಣ್ಣುಗಳನ್ನುಳ್ಳ, ಕಪ್ಪೆಯಂತೆ ಕುಪ್ಪಳಿಸಿ ಬೇಟೆಯನ್ನು ಹಿಡಿಯುವ ಎಗರುವ ಇರುವೆಗೆ ಹೆಸರು ಕೊಟ್ಟವರೂ ಅವರೇ. ಜೋಗದ ಸುತ್ತಿನ ಕಾಡಿನಿಂದ ಸಂಗ್ರಹಿಸಿದ ಈ ಇರುವೆಯ ಗೂಡುಗಳು ಮುಂದೆ ವಿದೇಶದ ಪ್ರಯೋಗಶಾಲೆಗಳನ್ನು ಸೇರಿದವು. 2010ರಲ್ಲಿ ಇದರ ಸಂಪೂರ್ಣ ಜೀನೋಮನ್ನು ಓದಲಾಯಿತು. ದಕ್ಷಿಣದ ಸಿಹಿನೀರಿನ ಮೀನುಗಳ ಮೇಲೆಯೂ ಅವರು ಇದೇ ಕಾಲದಲ್ಲಿ ಬರೆದರು.

ವಯನಾಡಿನ ಬಾಣಾಸುರ ಶಿಖರದಿಂದ ಅವರು ಪಡೆದ ನಗೆಮಲ್ಲವೊಂದು ನೀಲಗಿರಿಯದಕ್ಕಿಂತ ಬೇರೆಯಾಗಿತ್ತು. 1851ರಲ್ಲಿ ಬ್ಲೈತ್ ಅವರು ಅದಕ್ಕೆ ಜೆರ್ಡೋನೈ ಎಂದು ಹೆಸರಿಟ್ಟು ಮಿತ್ರನನ್ನು ಗೌರವಿಸಿದರು. ಇವರಿಬ್ಬರ ಸ್ನೇಹ ಹೆಚ್ಚಾಗಿ ಅಂಚೆಯ ಮೂಲಕ ಬೆಳೆದದ್ದು. ಒಬ್ಬರು ಕಾಡಿನಲ್ಲಿದ್ದು ಕಳುಹಿಸುತ್ತಿದ್ದರು. ಇನ್ನೊಬ್ಬರು ಕಲ್ಕತ್ತೆಯ ಮೇಜಿನ ಬಳಿ ಕುಳಿತು ಹೋಲಿಸಿ, ತಪ್ಪಿದ್ದರೆ ತಿದ್ದುತ್ತಿದ್ದರು. ಸ್ಕಾಟ್ಲೆಂಡಿನ ಪೆಟ್ಟಿಗೆಯಿಂದ ದೊರೆಯದ ನೆರವು ಹೀಗೆ ಈ ನೆಲದಲ್ಲಿಯೇ ದೊರೆಯಿತು.

ಮುಂದಿನ ಸೇವಾವಧಿ ಮಧ್ಯಭಾರತದ ಸಾಗರದಲ್ಲಿ. 1857ರ ಕ್ಷೋಭೆಯ ದಿನಗಳು ಕಳೆದ ಮೇಲೆ ಅನಾರೋಗ್ಯದ ರಜೆಯ ಮೇಲೆ ಡಾರ್ಜಿಲಿಂಗಿಗೆ ತೆರಳಿದರು. ರೋಗಿಯಾಗಿ ಹೋದವರು ಹಿಮಾಲಯದ ತಪ್ಪಲಿನ ಹಕ್ಕಿಗಳನ್ನು ಅಭ್ಯಸಿಸಿ ಬಂದರು! ಆಗ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಕ್ಯಾನಿಂಗ್ ಅವರು ಭಾರತದ ಕಶೇರುಕ ಪ್ರಾಣಿಗಳ ಕೈಪಿಡಿಗಳನ್ನು ಸಿದ್ಧಪಡಿಸುವ ವಿಶೇಷ ಕಾರ್ಯಕ್ಕೆ ಜೆರ್ಡನ್‌ರನ್ನು ನಿಯೋಜಿಸಿದರು. ಐವತ್ತರ ಅಂಚಿನಲ್ಲಿ ಅವರಿಗೆ ತಮ್ಮ ಹವ್ಯಾಸವೇ ಉದ್ಯೋಗವಾಗಿ ಒದಗಿತು.

ಭಾರತದ ಹಕ್ಕಿಗಳು ಎಂಬ ಅವರ ಮಹಾಗ್ರಂಥವು 1862ರಿಂದ 1864ರೊಳಗೆ ಕಲ್ಕತ್ತೆಯಲ್ಲಿ ಪ್ರಕಟವಾಯಿತು. ಒಂದು ಸಾವಿರಕ್ಕೂ ಮಿಕ್ಕಿದ ಬಗೆಗಳ ವಿವರಣೆ ಅದರಲ್ಲಿದೆ. ಬಣ್ಣ, ಅಳತೆ, ಲ್ಯಾಟಿನ್ ಹೆಸರುಗಳ ಜೊತೆಗೆ ದೇಶಭಾಷೆಗಳ ಹೆಸರುಗಳು, ಹಕ್ಕಿಯ ವಾಸ, ಆಹಾರ, ನಡೆ, ಕೂಗುಗಳೂ ಉಂಟು. ದೊಡ್ಡ ಗ್ರಂಥಾಲಯದ ನೆರಳಿಲ್ಲದ ದೂರದ ಊರುಗಳಲ್ಲಿ ಇರುವವರು ಇದೊಂದು ಗ್ರಂಥವನ್ನು ಕೈಯಲ್ಲಿ ಹಿಡಿದು ತಮ್ಮ ಅಂಗಳದ ಹಕ್ಕಿಯನ್ನು ಗುರುತಿಸುವಂತಾಗಬೇಕೆಂಬುದು ಅದರ ಉದ್ದೇಶ. ಜಾಲ್ನಾದಲ್ಲಿ ಕುಳಿತು ಪರದೇಶದ ಉತ್ತರಕ್ಕೆ ಕಾದಿದ್ದವರಿಗೆ ಅಂತಹ ಗ್ರಂಥದ ಅಗತ್ಯವೇನೆಂಬುದು ಚೆನ್ನಾಗಿ ತಿಳಿದಿತ್ತು. ಹ್ಯೂಮ್ ಮೊದಲಾದ ಮುಂದಿನ ಪೀಳಿಗೆಯ ಪಕ್ಷಿಶಾಸ್ತ್ರಜ್ಞರು ಬೆಳೆದದ್ದು ಈ ಗ್ರಂಥದ ಆಸರೆಯಲ್ಲಿಯೇ. 1871ರಲ್ಲಿ ಮಾನವನ ಅವತರಣವನ್ನು ಕುರಿತ ಗ್ರಂಥವನ್ನು ಹೊರತಂದ ಡಾರ್ವಿನ್ ಅವರು ಹಕ್ಕಿಗಳ ಗಂಡುಹೆಣ್ಣುಗಳ ಬಣ್ಣದ ವ್ಯತ್ಯಾಸವನ್ನು ಚರ್ಚಿಸುವಾಗ ಜೆರ್ಡನ್‌ರ ವಿವರಗಳನ್ನು ಅನೇಕ ಸಲ ಆಧಾರವಾಗಿ ಬಳಸಿಕೊಂಡಿದ್ದಾರೆ.

ಈ ಗ್ರಂಥದ ಕೆಲಸದ ನಡುವೆಯೇ ಅವರು ಬರ್ಮಾಕ್ಕೂ ಹೋಗಿಬಂದರು. ಐರಾವತಿಯ ಬಯಲಿನ ಎತ್ತರದ ಹುಲ್ಲಿನಲ್ಲಿ ಅಡಗಿ ಬಾಳುವ ಕಂದುಬಣ್ಣದ ಕಿರಿಯ ಹರಟೆಮಲ್ಲವೊಂದನ್ನು 1862ರಲ್ಲಿ ವಿವರಿಸಿದರು. ಇಂದು ಅದಕ್ಕೆ ಜೆರ್ಡನ್‌ರ ಹರಟೆಮಲ್ಲವೆಂದೇ ಹೆಸರು. ಬರ್ಮಾದಲ್ಲಿ ಅದು 1941ರಲ್ಲಿ ಕೊನೆಯದಾಗಿ ಕಂಡು, ಹುಲ್ಲುಗಾವಲುಗಳು ಹೊಲಗಳಾದುದರಿಂದ ಅಲ್ಲಿ ಅಳಿಯಿತೆಂದು ತಿಳಿಯಲಾಗಿತ್ತು. 2014ರಲ್ಲಿ, ಉಳಿದಿದ್ದ ಒಂದು ಹುಲ್ಲುಬಯಲಿನಲ್ಲಿ ಅದರ ಕೂಗು ಕೇಳಿ ಹುಡುಕಿದವರಿಗೆ ಹಕ್ಕಿ ಮತ್ತೆ ಕಾಣಿಸಿತು.

ಸಸ್ತನಿಗಳನ್ನು ಕುರಿತ ಕೈಪಿಡಿ 1867ರಲ್ಲಿ ಹೊರಬಂದಿತು. 1868ರಲ್ಲಿ ಸೇವೆಯಿಂದ ನಿವೃತ್ತರಾದ ಮೇಲೆಯೂ ಅವರು ಅಲೆದಾಟವನ್ನು ಬಿಡಲಿಲ್ಲ. ಅಸ್ಸಾಮಿನ ಗೌಹಾಟಿಯಲ್ಲಿದ್ದಾಗ ತೀವ್ರವಾದ ಜ್ವರ ಬಂದೆರಗಿತು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಇತರರ ಜ್ವರಕ್ಕೆ ಮದ್ದಿತ್ತವರು ಈ ಜ್ವರದಿಂದ ಪೂರ್ಣವಾಗಿ ಚೇತರಿಸಿಕೊಳ್ಳಲಿಲ್ಲ. ಕಲ್ಕತ್ತೆಗೆ ಬಂದು, ಅಲ್ಲಿಂದ 1870ರಲ್ಲಿ ಇಂಗ್ಲೆಂಡಿಗೆ ಮರಳಿ, 1872ರ ಜೂನ್ 12ರಂದು ಲಂಡನ್ ಬಳಿಯ ಅಪ್ಪರ್ ನಾರ್ವುಡ್‌ನಲ್ಲಿ ನಿಧನರಾದರು. ಸರೀಸೃಪಗಳ ಕೈಪಿಡಿಯ ಕೆಲಸ ಮುಗಿಯದೆ ಉಳಿಯಿತು.

ಅವರು ಹೆಸರಿಟ್ಟ ಹಕ್ಕಿಗಳ ಕಾಡುಗಳಿಗೆ ಆ ವೇಳೆಗಾಗಲೇ ಕೊಡಲಿ ಬಿದ್ದಿತ್ತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಕಾಫಿ, ಸಿಂಕೋನ, ಚಹಾ ತೋಟಗಳು ನೀಲಗಿರಿ, ವಯನಾಡು, ಕೊಡಗುಗಳ ಇಳಿಜಾರುಗಳನ್ನು ಆವರಿಸತೊಡಗಿದವು. ಮರದ ತುದಿಯ ಹಕ್ಕಿ ಒಂದು ತೋಪಿನಿಂದ ಇನ್ನೊಂದಕ್ಕೆ ಹಾರಬಲ್ಲದು. ಪೊದೆಯ ಹಕ್ಕಿಗೆ ಹಾಗಲ್ಲ. ಮೇಲಿನ ಮರಗಳು ನೆರಳು ಕೊಟ್ಟರೂ ಕೆಳಗಿನ ಗಿಡಗಂಟಿಗಳನ್ನು ಸವರಿ, ತರಗೆಲೆಗಳನ್ನು ಗುಡಿಸಿದರೆ ಅದಕ್ಕೆ ಅಡಗಲು ಎಡೆಯೂ ಇಲ್ಲ, ತಿನ್ನಲು ಹುಳುವೂ ಇಲ್ಲ. ಬಿಸಿಲಿನ ಬಯಲನ್ನು ದಾಟಲಾರದೆ ಅದು ಉಳಿದ ಕಾಡಿನ ತುಣುಕಿನಲ್ಲಿಯೇ ಸೆರೆಯಾಗುತ್ತದೆ.

ಜೆರ್ಡನ್‌ರಿಗೆ ತಿಳಿಯುವ ಸಾಧ್ಯತೆಯೇ ಇಲ್ಲದಿದ್ದ ಇನ್ನೊಂದು ಸಂಗತಿ 2017ರಲ್ಲಿ ಬೆಳಕಿಗೆ ಬಂದಿತು. ವಿ. ವಿ. ರಾಬಿನ್ ಮತ್ತು ಸಹೋದ್ಯೋಗಿಗಳು ಪಶ್ಚಿಮಘಟ್ಟದ ಎತ್ತರದ ಹಕ್ಕಿಗಳ ಡಿ.ಎನ್.ಎ. ಪರೀಕ್ಷೆಯನ್ನು ನಡೆಸಿದಾಗ, ಶೋಲಾಕಿಳಿಗಳು ಹಿಂದೆ ಅವುಗಳೊಡನೆ ಸೇರಿಸುತ್ತಿದ್ದ ಹಿಮಾಲಯದ ಹಕ್ಕಿಗಳ ಬಂಧುಗಳಲ್ಲವೆಂದೂ ನೀಲಿ ನೊಣಹಿಡುಕಗಳ ಬಳಗಕ್ಕೆ ಹತ್ತಿರದವೆಂದೂ ತಿಳಿದುಬಂದಿತು. ಪಾಲ್ಘಾಟಿನ ಕಣಿವೆಯಂತಹ ತಗ್ಗುಗಳು ಬೆಟ್ಟದ ಹಕ್ಕಿಗಳನ್ನು ಬಹುಕಾಲದಿಂದ ಬೇರ್ಪಡಿಸಿರುವುದೂ ಖಚಿತವಾಯಿತು. ಶೋಲಾಕಿಳಿಗಳಿಗೆ ಶೋಲಿಕೋಲಾ ಎಂದೂ, ಇಲ್ಲಿಯ ನಗೆಮಲ್ಲಗಳಿಗೆ ಮಾಂಟೆಸಿಂಕ್ಲಾ ಎಂದೂ ಹೊಸ ಕುಲಗಳನ್ನು ರಚಿಸಲಾಯಿತು. ಕುಲದ ಹೆಸರು ಬದಲಾದರೂ ಜೆರ್ಡನ್ ಅವರು ಕೊಟ್ಟ ಬಗೆಯ ಹೆಸರುಗಳು ಬದಲಾಗಲಿಲ್ಲ. ಅವರ ಹೆಸರು ಕಂಸದೊಳಗೆ ಹಾಗೆಯೇ ಉಳಿಯಿತು. ಅವರ ಹೆಸರನ್ನು ಹೊತ್ತ ಜೆರ್ಡೋನೈ ನಗೆಮಲ್ಲವು ವಯನಾಡಿನ ಬಾಣಾಸುರ ಬೆಟ್ಟದಲ್ಲಿಯೂ ಕೊಡಗಿನ ಗಡಿಯ ಬ್ರಹ್ಮಗಿರಿಯ ಕೆಲವು ಶೋಲಾಗಳಲ್ಲಿಯೂ ಬದುಕಿದೆ.